ಮಂಗಳವಾರದ ಸಾಲು

ಜಹೀರಾಬಾದಿನ ನಮ್ಮ ಆಫೀಸಿನಲ್ಲಿ ಫೋನ್ ಎತ್ತುವವಳು ನಾನು, ದೇವಿಕಾ. ತೊಗರಿ, ಕಡಲೆ ಒಕ್ಕಿ ರಾಶಿ ಮಾಡುವ ಮಷೀನುಗಳನ್ನು ರೈತರಿಗೆ ಬಾಡಿಗೆ ಕೊಡುವ ದಂಧೆ ಶಂಕ್ರೆಪ್ಪ ಸಾವ್ಕಾರರದು. ಮಷೀನು ಬೇಕಾದವರು ಮೊಬೈಲಿನಲ್ಲೇ ಬುಕ್ ಮಾಡಿ ದಿನ ಹಿಡಿಯಬಹುದು. ಮಂಗಳವಾರ ಮಾತ್ರ ಹಿಡಿಯಲು ಬರುತ್ತಿರಲಿಲ್ಲ. ಯಾಕೆ? ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಮಂಗಳವಾರ ಚಲೋ ಅಲ್ರಿ ಕಾಕಾ” ಅಂತ ನಾನೇ ಒಂದು ಶಾಸ್ತ್ರ ಹುಟ್ಟಿಸಿ ರೈತರ ಬಾಯಿ ಮುಚ್ಚಿಸುತ್ತಿದ್ದೆ.

ಈ ಬುಕಿಂಗಿನ ಕಂಪ್ಯೂಟರ್ ಪ್ರೋಗ್ರಾಂ ನೋಡಿಕೊಳ್ಳುವ ಪ್ರೇಮಲಾ ಹಾಗೆ ಸುಮ್ಮನಾಗುವವಳಲ್ಲ. ಚಹಾ ಕುಡಿದರೆ ಅದರ ಶುಂಠಿ ಯಾವ ಊರಿನದು ಎಂದು ಕೇಳುವ ಹೆಣ್ಣು. ಅವಳು ಕೆಲಸಕ್ಕೆ ಸೇರಿದಾಗ ಸಾವ್ಕಾರರು ಪೆನ್‌ಡ್ರೈವಿನಲ್ಲಿ ಕೊಟ್ಟ ಕೋಡಿನಲ್ಲೇ ಮಂಗಳವಾರದ ಆ ಒಂದು ಸಾಲು ಇತ್ತಂತೆ. ಯಾಕೆ ಇದೆ ಎಂದು ತಿಳಿಯದೆ ತೆಗೆಯಲು ಅವಳಿಗೆ ಧೈರ್ಯ ಸಾಲಲಿಲ್ಲ.

ಹೋದ ವರ್ಷ ಸಾವ್ಕಾರರ ಹೊಸ ಹುಕುಂ ಬಂತು. ಜಹೀರಾಬಾದು, ತಾಂಡೂರು, ನಾರಾಯಣಖೇಡ, ಮೂರು ಊರಿನ ಅಂಗಡಿಗೂ ಬೇರೆಬೇರೆ ಪ್ರೋಗ್ರಾಂ ಇತ್ತು. ಒಂದರಲ್ಲಿ ತಪ್ಪು ತಿದ್ದಿದರೆ ಉಳಿದೆರಡರಲ್ಲಿ ಅದು ಹಾಗೇ ಇರುತ್ತಿತ್ತು. ಮೂರರ ಕೋಡನ್ನೂ ಒಂದೇ ರೆಪೊಗೆ, ಅಂದರೆ ಕೋಡು ಕೂಡಿಡುವ ಒಂದೇ ಕಣಜಕ್ಕೆ, ತರಬೇಕು, ಆಮೇಲೆ ಎಲ್ಲಕ್ಕೂ ಪ್ರೇಮಲಾಳೇ ಹೆಡ್. ನಾರಾಯಣಖೇಡದ್ದನ್ನು ನೋಡಿಕೊಳ್ಳುವ ಬಾಲರಾಜ ಬಸ್ಸು ಹತ್ತಿ ಬಂದ. ಸಿರ್ಗಾಪುರದ ಕಡೆಯವನು, ಮಾತು ಕಡಿಮೆ. ಬಂದವನೇ ಕೇಳಿದ್ದು ಒಂದೇ: “ಎಲ್ಲಾ ಕೂಡಿಸಿದ ಮ್ಯಾಲ ನನ್ನ ಹೆಸರು ಇರತದೇನ್ರಿ, ಮೇಡಂ?”

ನನಗೆ ಅರ್ಥವಾಗಲಿಲ್ಲ. ಪ್ರೇಮಲಾ ಬಿಡಿಸಿ ಹೇಳಿದಳು. ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂಬ ಚರಿತ್ರೆ ಕೋಡಿನ ಬೆನ್ನಿಗೇ ಇರುತ್ತದೆ. ಈಗಿನ ಫೈಲುಗಳನ್ನಷ್ಟೇ ಎತ್ತಿ ತಂದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಎಲ್ಲವೂ ತಂದವರ ಹೆಸರಿಗೆ ಬೀಳುತ್ತದೆ. ಬಾಲರಾಜನ ವರ್ಷಗಟ್ಟಲೆಯ ದುಡಿಮೆ ಅವಳದಾಗಿಬಿಡುತ್ತದೆ. ಚರಿತ್ರೆಯನ್ನೂ ಹೊತ್ತು ತರುವುದು ತಲೆನೋವಿನ ಕೆಲಸ.

ಸಾವ್ಕಾರರು ಸಿಡುಕಿದರು. “ಹೆಸರು ತಗೊಂಡು ಏನ್ ಮಾಡ್ತೀರಿ? ತೊಗರಿ ರಾಶಿ ಬಂತು. ಲಗೂನ ಮುಗಸ್ರಿ.”

ನನಗೆ ಸಿಟ್ಟು ಬಂತು. ಇವರು ಮಾತ್ರ ಒಂದೊಂದು ಮಷೀನಿನ ಮೇಲೂ ತಮ್ಮ ಅಪ್ಪನ ಹೆಸರನ್ನು ಮೊಳದುದ್ದ ಬರೆಸಿದ್ದಾರೆ!

ಪ್ರೇಮಲಾ ಕಷ್ಟದ ದಾರಿಯನ್ನೇ ಹಿಡಿದಳು. ಬಾಲರಾಜನ ಮೇಲಿನ ಮರುಕವೊಂದೇ ಕಾರಣವಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟಾಗ ಮೂರರಲ್ಲೂ ಅದೇ ಮಂಗಳವಾರದ ಸಾಲು ಕಂಡಿತ್ತು. ಅದರ ಬೇರು ಹುಡುಕದ ಹೊರತು ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಚರಿತ್ರೆಗಳೆಲ್ಲ ಒಂದೆಡೆ ಸೇರಿದ ದಿನ ಆ ಸಾಲಿನ ಬೆನ್ನು ಹತ್ತಿ ಹಿಂದೆ ಹಿಂದೆ ಹೋದಳು. ಎಲ್ಲಕ್ಕಿಂತ ಹಳೆಯದು ನಾರಾಯಣಖೇಡದ್ದು. ಬರೆದವನು ಬಾಲರಾಜ.

“ಅಣ್ಣಾ, ಮಂಗಳವಾರ ಯಾಕ ಬಂದ್ ಇಟ್ಟೀರಿ?”

ಬಾಲರಾಜ ಪರದೆ ನೋಡಿ ನಾಚಿದ. “ಅವತ್ತ ನಮ್ಮ ಸಿರ್ಗಾಪುರದ ಸಂತಿ ಇರತದರಿ. ನಾರಾಯಣಖೇಡದ ಮಷೀನ್ ಡ್ರೈವರ್‌ಗೋಳು ಎಲ್ಲಾ ಸಂತಿಗೆ ಹೋಗ್ತಾರ. ಇದು ತಾಂಡೂರಿಗೆ, ಇಲ್ಲಿಗೆ ಬಂದದ ಅಂತ ನನಗ ಗೊತ್ತೇ ಇಲ್ಲ.”

ಒಂದು ಹಳ್ಳಿಯ ಸಂತೆಗೆ ಮೂರು ಊರಿನ ಮಷೀನುಗಳಿಗೆ ವಾರವಾರ ರಜೆ! ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಪ್ರೇಮಲಾ ನಗಲಿಲ್ಲ. ಲ್ಯಾಪ್‌ಟಾಪನ್ನು ಸಾವ್ಕಾರರ ಮುಂದೆ ಇಟ್ಟಳು.

“ನೀವು ಪೆನ್‌ಡ್ರೈವಿನ್ಯಾಗ ಕೊಟ್ಟಿದ್ದು ಇವರದೇ ಕೋಡ್‌ರಿ. ಮೂರೂ ಇದರಿಂದಾನೇ ಹುಟ್ಟ್ಯಾವ. ಬರದವರು ಇಲ್ಲೇ ಕುಂತಾಗ ನಾ ಹ್ಯಾಂಗ ಹೆಡ್ ಆಗಲಿ?”

ಸಾವ್ಕಾರರು ಪರದೆಯ ಮೇಲಿನ ಹೆಸರನ್ನು ಓದಿದರು. “ನಾರಾಯಣಖೇಡದ್ದು ತಂದು ಇಲ್ಲಿಗೆ, ತಾಂಡೂರಿಗೆ ಹಾಕ್ಸಿದ್ದೆ. ಬರದಾಂವ ಯಾರು ಅಂತ ಕೇಳಲೇ ಇಲ್ಲ,” ಎಂದರು. ಆಮೇಲೆ, “ಆತು, ಬಾಲರಾಜನೇ ನೋಡ್ಕೊಳ್ಳಲಿ.”

ಪ್ರೇಮಲಾ ಲ್ಯಾಪ್‌ಟಾಪನ್ನು ಬಾಲರಾಜನತ್ತ ಸರಿಸಿದಳು. ಅವನು ಜಹೀರಾಬಾದಿಗೂ ತಾಂಡೂರಿಗೂ ಮಂಗಳವಾರ ತೆರೆದ. ನಾರಾಯಣಖೇಡದ್ದನ್ನು ಮಾತ್ರ ಮುಟ್ಟಲಿಲ್ಲ. “ಸಂತಿ ಇನ್ನೂ ನಡೀತದರಿ,” ಎಂದ.

ಮುಂದಿನ ಮಂಗಳವಾರ ಒಬ್ಬರು ಮುದುಕರ ಫೋನ್ ಬಂತು. “ಇವತ್ತ ಹ್ಯಾಂಗ ಚಾಲೂ ಆತವ್ವಾ?”

“ಬಾಲರಾಜಣ್ಣ ತೆಗದಾನ್ರಿ ಕಾಕಾ.”

“ಯಾರವ್ವಾ ಅಂವ?”

“ಇದನ್ನೆಲ್ಲಾ ಬರದಾಂವ್ರಿ,” ಅಂದೆ.