ಕಾಯಿಸದ ಎಣ್ಣೆಯ ಕೇಕ್

ಅತ್ತೆ ಊಟ ಬಿಟ್ಟಾಗ ನಮಗೆ ಬೇರೆ ಯಾವ ಚಿಂತೆಯೂ ಉಳಿಯಲಿಲ್ಲ. ಔಷಧಿಯಿಂದ ಬಾಯಿ ಕೆಟ್ಟಿತ್ತು. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದರು. ನಾವು ನೆಲೆಸಿದ್ದ ಓಕ್ಲ್ಯಾಂಡಿನ ಡಾಕ್ಟರು, ಏನಾದರೂ ಸರಿ, ಅವರು ಇಷ್ಟಪಟ್ಟಿದ್ದನ್ನು ಕೊಡಿ ಎಂದಿದ್ದರು. ಆ ಇಷ್ಟ ಯಾವುದೆಂದೇ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಇಟಲಿಯ ಅಜ್ಜಿ ಆಲಿವ್ ಎಣ್ಣೆಯ ಕೇಕ್ ತಂದುಕೊಟ್ಟರು. ಮೇಲೆ ಕೆನೆಯಿಲ್ಲ, ಬಣ್ಣವಿಲ್ಲ. ನಿಂಬೆ ಸಿಪ್ಪೆಯ ಘಮ ಮಾತ್ರ. ಧಾರವಾಡದ ನಮ್ಮತ್ತೆಗೆ ಆಲಿವ್ ಎಣ್ಣೆಯೆಂದರೆ ಔಷಧಿ ಅಂಗಡಿಯ ಪುಟ್ಟ ಡಬ್ಬಿ.

"ಕೂಸಿಗೆ ಹಚ್ಚೋ ಎಣ್ಣಿ ಹಾಕಿ ಕೇಕ್ ಮಾಡ್ಯಾರೇನ?" ಎಂದು ನಕ್ಕರು. ಮತ್ತೆ ಮೂಸಿದರು. "ವಾಸನಿ ಚಲೋ ಅದ. ತತ್ತಿ ಹಾಕ್ಯಾರೇನು?"

"ಹಾಕಿದಾರೆ ಅತ್ತೆ."

ತಟ್ಟೆ ಕೆಳಗಿಟ್ಟರು. ಆದರೆ ಎಷ್ಟೋ ದಿನಗಳ ಮೇಲೆ ಒಂದು ತಿನಿಸನ್ನು ಎರಡು ಸಲ ಮೂಸಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಅಜ್ಜಿಯ ಹತ್ತಿರ ಹೋಗಿ ಮೊಟ್ಟೆಯಿಲ್ಲದೆ ಮಾಡುವ ಬಗೆ ಕೇಳಿದೆ. ಮೊಟ್ಟೆಯ ಬದಲು ಮೊಸರು ಹಾಕಬಹುದೆಂದು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಮನೆಯಲ್ಲಿ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು.

"ಎಣ್ಣಿ ಕಾಸಿ ಹಾಕವಾ, ಹಂಗ ಹಸೀದ ಸುರೀಬ್ಯಾಡ."

ಚಕ್ಕುಲಿ ಹಿಟ್ಟಿಗೆ ಹಾಗೆಯೇ ಅಲ್ಲವೇ ಮಾಡುವುದು? ನನಗೂ ಸರಿಯೆನಿಸಿತು. ಚೆನ್ನಾಗಿ ಕಾಯಿಸಿ ಮೈದಾಹಿಟ್ಟಿಗೆ ಸುರಿದೆ. ಓವನ್ನಿನಿಂದ ಹೊರಗೆ ಬಂದದ್ದಕ್ಕೆ ಚಾಕು ಇಳಿಯಲಿಲ್ಲ.

ಅತ್ತೆ ಅದನ್ನು ಬೆರಳಿನಿಂದ ಕುಟ್ಟಿ ನೋಡಿದರು. "ಇದು ನಿಮ್ಮ ಮೈಸೂರಿನ ನಿಪ್ಪಟ್ಟಲ್ಲೇನ?"

"ನೀವೇ ಹೇಳಿದ್ದಲ್ವಾ ಅತ್ತೆ!"

"ಇಪ್ಪತ್ತು ವರ್ಷ ನನ್ನ ಮಾತು ಕೇಳಲಿಲ್ಲ, ಇವತ್ತ ಕೇಳಬೇಕಿತ್ತ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮರುದಿನ ಎಣ್ಣೆಯನ್ನು ಕಾಯಿಸದೆ, ಮೊಸರು ಸಕ್ಕರೆಯ ಜೊತೆ ಕಡೆದು ಹಾಕಿದೆ. ಕೇಕ್ ಮೆತ್ತಗೆ ಬಂತು, ಒಳಗೆ ಸ್ವಲ್ಪವೂ ಒಣಗಿರಲಿಲ್ಲ. ಅತ್ತೆ ಎರಡು ತುಂಡು ತಿಂದರು. ಆ ವಾರವೆಲ್ಲ ದಿನವೂ ಇಷ್ಟಿಷ್ಟು ತಿಂದರು.

ಒಂದು ಬೆಳಿಗ್ಗೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ನನಗ ಸಾಕು. ನೀ ಎಷ್ಟ ದಿನ ಆತು ನೆಟ್ಟಗ ಉಂಡು? ಎಲ್ಲಾ ನೋಡೇನಿ ನಾ. ತಿನ್ನು."

ಬೇಡವೆಂದರೂ ಬಿಡಲಿಲ್ಲ. ನಾನು ತಿಂದು ಮುಗಿಸುವವರೆಗೂ ನೋಡುತ್ತ ಕುಳಿತಿದ್ದರು. ಆಮೇಲೆ ಅವರು ನೀರು ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ಐದನೆಯ ದಿನ ಹೋದರು.

ಅವರ ಪಾಲನ್ನು ನಾನು ತಿಂದುಬಿಟ್ಟೆನೆಂದು ಬಹಳ ದಿನ ಕೊರಗಿದೆ. ಕೇಕ್ ಮಾಡುವ ಪಾತ್ರೆಯನ್ನು ಕೈಗೆ ಸಿಗದಂತೆ ಮೇಲೆ ಎತ್ತಿಟ್ಟಿದ್ದೆ. ಅತ್ತೆಯ ವರ್ಷಾಂತಿಕ ಕಳೆದ ಮೇಲೆ ಇಳಿಸಿ ತೊಳೆದು, ಮತ್ತೆ ಹಿಟ್ಟು ಕಲಸಿದೆ. ಕೇಕ್ ಪೂರ್ತಿ ಆರುವ ಮೊದಲೇ ಒಂದು ತುಂಡು ಕತ್ತರಿಸಿ, ನಿಂತಲ್ಲೇ ತಿಂದೆ. ಇನ್ನೊಂದನ್ನೂ ತಿಂದೆ. ಹಸಿವಾಗಿತ್ತು.