ಫೋಟೊ ಸಾಬರ ಕೋಟು

ಫೋಟೊ ಸಾಬರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ಉಗುರೂ ಬಾಳೆಕಾಯಿ ಹೆಚ್ಚಿದ ಕೈಯ ಹಾಗೆ ಕರ್ರಗೆ. ಫೋಟೊ ತೊಳೆಯುವ ಔಷಧಿ ಹತ್ತಿ ಹತ್ತಿ ಆದ ಬಣ್ಣ ಅದು; ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ರಂಜಾನ್ ದಿನ ಬಿಳಿ ಜುಬ್ಬಾ ತೊಟ್ಟು, ಅತ್ತರು ಹಚ್ಚಿಕೊಂಡು ಠಾಣೆಗೆ ಶಾವಿಗೆ ಪಾಯಸ ತಂದಾಗಲೂ ಆ ಎರಡು ಉಗುರಿಗೆ ಮಾತ್ರ ಹಬ್ಬವಿರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದಲ್ಲಿ ಪೇದೆಯಾಗಿದ್ದೆ. ನಮ್ಮ ಠಾಣೆಗೆ ಅದರದೇ ಕ್ಯಾಮೆರಾ ಇರಲಿಲ್ಲ. ವರ್ಷಕ್ಕೊಮ್ಮೆಯ ಗ್ರೂಪ್ ಫೋಟೊ, ಕಳ್ಳರ ಫೋಟೊ, ಗುರುತು ಸಿಗದ ಹೆಣಗಳ ಫೋಟೊ, ಎಲ್ಲಕ್ಕೂ ಪೇಟೆಬೀದಿಯ ಸ್ಟುಡಿಯೊದ ಸಾಬರೇ ಆಗಬೇಕು. ಅವರನ್ನು ಕರೆತರುವ ಕೆಲಸ ನನ್ನದು. ಕ್ಯಾಮೆರಾ ಪೆಟ್ಟಿಗೆ ಅವರ ಸೈಕಲ್ಲಿನ ಮೇಲೆ, ಮೂರು ಕಾಲಿನ ಸ್ಟ್ಯಾಂಡು ನನ್ನ ಹೆಗಲ ಮೇಲೆ. ಗ್ರೂಪ್ ಫೋಟೊದಲ್ಲಿ ನಮ್ಮ ಇನ್‌ಸ್ಪೆಕ್ಟರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವುದನ್ನು ಸಾಬರು ದಾರಿಯಲ್ಲಿ ನಟಿಸಿ ತೋರಿಸಿದರೆ, ನನಗೆ ನಗು ತಡೆಯಲಾಗದೆ ಸ್ಟ್ಯಾಂಡು ಇಳಿಸಿ ನಿಲ್ಲಬೇಕಾಗುತ್ತಿತ್ತು. ರೆಡಿ ಎಂದ ಮೇಲೂ ಬೇಕಂತಲೇ ಗುಂಡಿ ಒತ್ತಲು ತಡಮಾಡುತ್ತಿದ್ದರಂತೆ, ಪುಣ್ಯಾತ್ಮ.

ಸ್ಟುಡಿಯೊದಲ್ಲಿ ಎರಡು ಕರಿ ಕೋಟುಗಳಿದ್ದವು. ಹೊಸದು, ಹಳ್ಳಿಗಳಿಂದ ಬರುವ ಮದುವೆ ಗಂಡುಗಳಿಗೆ. ಮಂಡ್ಯ ಮದ್ದೂರು ಕಡೆಯ ಎಷ್ಟು ಮನೆಗಳ ಗೋಡೆಯ ಫೋಟೊದಲ್ಲಿ ಆ ಒಂದೇ ಕೋಟು ಇದೆಯೋ ದೇವರೇ ಬಲ್ಲ. ಕೊಪ್ಪದ ನಮ್ಮ ಭಾವನ ಮೈಮೇಲಿರುವುದೂ ಅದೇ. ಮೊಣಕೈ ಸವೆದ ಹಳೆಯದು ಹೆಣಗಳಿಗೆ.

ಹೌದು, ಹೆಣಗಳಿಗೆ. ಬಾವಿಯಿಂದಲೋ ಕೆರೆಯಿಂದಲೋ ಎತ್ತಿದ ಹೆಣದ ಮುಖ ಒರೆಸಿ, ತಮ್ಮ ಜೇಬಿನ ಬಾಚಣಿಗೆಯಿಂದ ತಲೆ ಬಾಚಿ, ಮೈಮೇಲೆ ಬಟ್ಟೆ ಇಲ್ಲದಿದ್ದರೆ ಆ ಕೋಟು ತೊಡಿಸಿ, ಆಮೇಲೆ ಫೋಟೊ. ಪ್ರಿಂಟು ಹಾಕಿದ ಮೇಲೆ ಸಣ್ಣ ಕುಂಚ ಹಿಡಿದು ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣು ಬರೆಯುತ್ತಿದ್ದರು. ಕೋಟನ್ನು ಯಾರ ಕೈಗೂ ಕೊಡದೆ ತಾವೇ ಒಗೆಯುತ್ತಿದ್ದರು. ಇದೇನು ಸಾಬ್ರೇ, ಹೆಣಕ್ಕೆ ಮದುವೆ ಮಾಡ್ತೀರಾ ಎಂದು ನಮ್ಮ ದಫೇದಾರರು ಒಮ್ಮೆ ರೇಗಿಸಿದರು. ಆಗ ಸಾಬರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಇವ್ನು ಹುಟ್ಟಿದಾಗಿಂದ ಒಂದು ಫೋಟೊ ತೆಗುಸ್ಕೊಂಡಿರಾಕಿಲ್ಲ ಕಣಪ್ಪ. ಇದೇ ಮೊದಲ್ನೇದು, ಇದೇ ಕೊನೇದು. ಎಂಗೆಂಗೋ ಇದ್ರೆ ಮನೆಯೋರು ನೋಡಾದೆಂಗೆ?"

ಒಂದು ಸಲ ಊರಾಚೆ ನಾಲೆಯ ತೂಬಿಗೆ ಒಬ್ಬನ ಹೆಣ ಬಂದು ಸಿಕ್ಕಿಕೊಂಡಿತ್ತು. ಹಿಂದಿನ ದಿನವಷ್ಟೇ ಬಿದ್ದಿರಬೇಕು, ಮುಖ ಕೆಟ್ಟಿರಲಿಲ್ಲ. ಮೈಮೇಲೆ ಒಂದು ಚಡ್ಡಿ, ಉಡುದಾರದಲ್ಲಿ ಒಂದು ತಾಮ್ರದ ತಾಯಿತ, ಅಷ್ಟೇ. ಬೇವಿನ ಮರಕ್ಕೆ ಒರಗಿಸಿ ಕೂರಿಸಿದೆವು. ಸಾಬರು ಕೋಟು ತೊಡಿಸಿ, ಬೈತಲೆ ತೆಗೆದು ಬಾಚಿ ಫೋಟೊ ತೆಗೆದರು. ಹೆಣ ಕೇಳಿಕೊಂಡು ಯಾರೂ ಬರಲಿಲ್ಲ. ಮುನಿಸಿಪಾಲಿಟಿಯವರು ಮಣ್ಣು ಮಾಡಿದರು, ತಾಯಿತ ಠಾಣೆಯ ಪೆಟ್ಟಿಗೆ ಸೇರಿತು.

ಕೆಲವು ದಿನಗಳ ಮೇಲೆ ಮಳವಳ್ಳಿ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಕಬ್ಬು ಕಡಿಯಲು ಮಂಡ್ಯಕ್ಕೆ ಬಂದ ಗಂಡ ಮನೆಗೆ ತಿರುಗಿ ಬಂದಿರಲಿಲ್ಲ. ಆ ದಿನ ನಾನು ಕೋರ್ಟಿಗೆ ಹೋಗಿದ್ದೆ. ಹೊಸದಾಗಿ ವರ್ಗವಾಗಿ ಬಂದಿದ್ದ ಪೇದೆಯೊಬ್ಬ ಅವಳಿಗೆ ಫೋಟೊ ತೋರಿಸಿದ. ಅವನಿಗೆ ಸಾಬರ ಪದ್ಧತಿ ಗೊತ್ತಿರಲಿಲ್ಲ. ಹೆದರಿ ಹೆದರಿ ನೋಡಿದವಳು ಕೋಟು ಕಂಡದ್ದೇ ನಿಟ್ಟುಸಿರು ಬಿಟ್ಟಳಂತೆ.

"ಇವ್ರು ನಮ್ಮೋರಲ್ಲ ಕಣಣ್ಣ. ನಮ್ಮೋರ್ಗೆ ಕೋಟೆಲ್ಲೈತೆ?"

ಆ ಫೋಟೊಗೊಂದು ಕೈಮುಗಿದು, ಸಮಾಧಾನವಾಗಿ ಬಸ್ಸು ಹತ್ತಿ ಹೋದಳಂತೆ.

ಸುಗ್ಗಿ ಮುಗಿದ ಮೇಲೆ ಅವಳ ಮೈದುನ ಅಣ್ಣನನ್ನು ಹುಡುಕಿಕೊಂಡು ಬಂದ. ಆಗ ಠಾಣೆಯಲ್ಲಿ ನಾನಿದ್ದೆ. ಫೋಟೊ ನೋಡಿ, ಮುಖವೇನೋ ಅಣ್ಣನ ಹಾಗೇ ಇದೆ, ಆದರೆ ಇವರು ಯಾರೋ ಸಾಹುಕಾರರು ಎಂದ. ಆ ಕೋಟು ನಮ್ಮ ಫೋಟೊ ಸಾಬರದು ಎಂದು ಹೇಳಿದೆ. ಪೆಟ್ಟಿಗೆಯಿಂದ ತಾಯಿತ ತೆಗೆದು ತೋರಿಸಿದಾಗ, ಅಣ್ಣನದೇ ಎಂದು ಅದನ್ನು ಕಣ್ಣಿಗೊತ್ತಿಕೊಂಡ.

ಸುದ್ದಿ ಕೇಳಿದ ಸಾಬರು ಸ್ಟುಡಿಯೊ ಬಾಗಿಲು ಹಾಕಿ, ನಡಿ, ಆ ಹಳ್ಳಿಗೆ ಹೋಗಿಬರೋಣ ಎಂದರು. ಬೇಡ ಸಾಬ್ರೇ, ಬೈತಾರೆ ಎಂದೆ. ಬೈಸಿಕೊಳ್ಳೋಕೇ ಹೋಗೋದು ಎಂದರು. ಸದಾ ತಮಾಷೆ ಮಾಡುತ್ತಿದ್ದ ಮನುಷ್ಯ ಮಳವಳ್ಳಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು.

ಅವಳು ಬೈಯಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಗಂಡ ಎಲ್ಲೋ ಇದ್ದಾನೆ, ಬರುತ್ತಾನೆ ಎಂದು ಸುಗ್ಗಿಯುದ್ದಕ್ಕೂ ಕುಂಕುಮವಿಟ್ಟುಕೊಂಡು ಕಾದವಳ ಹಣೆ ಈಗ ಬರಿದಾಗಿತ್ತು. ಸಾಬರು ಕೈಜೋಡಿಸಿ, ತಪ್ಪು ನನ್ನದಮ್ಮ, ಆ ಕೋಟು ಹಾಕಬಾರದಿತ್ತು ಎಂದರು. ಅವಳು ಸ್ವಲ್ಪ ಹೊತ್ತು ಅವರ ಕರಿ ಉಗುರುಗಳನ್ನೇ ನೋಡುತ್ತಿದ್ದಳು.

"ನೀವು ಯಾರೋ ಏನೋ, ಬರಿಮೈಲಿದ್ದೋರ್ಗೆ ಬಟ್ಟೆ ಆಕುದ್ರಿ ಸಾಬ್ರೇ. ಮುಖ ನೋಡ್ಕಂಡೂ ಅವ್ರಲ್ಲ ಅಂದೋಳು ನಾನು."

ಅವಳು ನಾಲ್ಕು ಮಾತು ಬೈದಿದ್ದರೆ ಅವರು ಸುಧಾರಿಸಿಕೊಳ್ಳುತ್ತಿದ್ದರೇನೋ. ಅಲ್ಲಿಂದ ಮುಂದೆ ಸಾಬರು ಯಾವ ಹೆಣವನ್ನೂ ಮುಟ್ಟಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ತೆಗೆದು, ಪೆಟ್ಟಿಗೆ ಮುಚ್ಚಿಕೊಂಡು ಹೊರಟುಬಿಡುತ್ತಿದ್ದರು. ದಾರಿಯಲ್ಲಿ ಇನ್‌ಸ್ಪೆಕ್ಟರ ಹೊಟ್ಟೆಯ ಸುದ್ದಿಯೂ ಬರುತ್ತಿರಲಿಲ್ಲ. ಗುರುತು ಹಿಡಿಯಲು ಈಗ ಸಲೀಸಾಯಿತು ಎಂದು ದಫೇದಾರರಿಗೆ ಸಂತೋಷ. ಸರಿಯೇ ಇರಬಹುದು. ಆದರೆ ಆ ಫೋಟೊಗಳನ್ನು ಒಬ್ಬ ತಾಯಿಯ ಕೈಗೋ ಹೆಂಡತಿಯ ಕೈಗೋ ಕೊಡಬೇಕಾದಾಗಲೆಲ್ಲ, ಆ ಬಾಚಣಿಗೆಯನ್ನಾದರೂ ಬಿಡಬಾರದಿತ್ತು ಎಂದು ನನಗೆ ಸಂಕಟವಾಗುತ್ತಿತ್ತು.

ಆ ದಶಕ ಮುಗಿಯುವ ಮೊದಲೇ ಸಾಬರು ತೀರಿಕೊಂಡರು. ನಾನೂ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದೆ.

ಈಚೆಗೆ ಇಲಾಖೆಯವರು ಊರಿನ ಪೊಲೀಸರ ಹಳೆಯ ಫೋಟೊ, ದಾಖಲೆಗಳನ್ನೆಲ್ಲ ಒಂದು ಕೋಣೆಯಲ್ಲಿ ಜೋಡಿಸುತ್ತಿದ್ದಾರೆ. ಯಾರು ಯಾರೆಂದು ಹೇಳಲು ನನ್ನನ್ನು ಕರೆಸಿದ್ದರು. ಹೊಟ್ಟೆ ಒಳಗೆಳೆದ ಇನ್‌ಸ್ಪೆಕ್ಟರು, ಮೀಸೆ ತಿರುವಿದ ದಫೇದಾರರು, ಕಡ್ಡಿಯಂತಿದ್ದ ನಾನು, ಎಲ್ಲರೂ ಸಿಕ್ಕಿದೆವು. ಅಷ್ಟರಲ್ಲಿ ಎಳೆಯ ಅಧಿಕಾರಿಯೊಬ್ಬರು ಒಂದು ಫೋಟೊ ಎತ್ತಿ, ಈ ಕೋಟು ಹಾಕಿಕೊಂಡಿರುವವರು ಯಾರು, ಊರಿನ ದೊಡ್ಡ ಮನುಷ್ಯರಿರಬೇಕು, ಗೋಡೆಗೆ ಹಾಕೋಣವೇ ಎಂದರು. ಹಿಂದಿನ ಬೇವಿನ ಮರ ನೋಡಿದೊಡನೆ ಗೊತ್ತಾಯಿತು. ಅವನ ಹೆಸರು, ಊರು, ನಡೆದದ್ದು ಎಲ್ಲ ಹೇಳಿದೆ. ಅವರು ಫೋಟೊವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಇದನ್ನು ತೆಗೆದವರ ಫೋಟೊ ಇದ್ದರೆ ಕೊಡಿ, ಅದನ್ನೇ ಹಾಕೋಣ ಎಂದರು.

ಊರಿಗೆಲ್ಲ ಫೋಟೊ ತೆಗೆದ ಮನುಷ್ಯನದು ಒಂದೂ ಇಲ್ಲ. ನೀವೂ ಒಮ್ಮೆ ಬಂದು ನಮ್ಮ ಸಾಲಿನಲ್ಲಿ ನಿಲ್ಲಿ ಎನ್ನಲು ಅಷ್ಟು ವರ್ಷಗಳಲ್ಲಿ ನಮಗೆ ಯಾರಿಗೂ ಹೊಳೆಯಲಿಲ್ಲ. ನಾನು ಮೇಜಿನ ಮೇಲಿದ್ದ ಫೋಟೊ ನೋಡುತ್ತಾ ಹೇಳಿದೆ:

"ಅವರದು ಇಲ್ಲ ಸಾರ್. ಈ ಕೋಟೊಂದೇ ಅವರದು."