ಹೊಸ್ತಿಲಾಚೆಯಿಂದ ಕಲಿತ ಮುದ್ದೆ

ನಾನು ಅಡುಗೆ ಕಲಿತದ್ದು ಸಿಟ್ಟಿನಿಂದ. ಗಂಡನ ಮನೆಯಲ್ಲಿ ಹೆಸರು ತೆಗೆದುಕೊಳ್ಳಬೇಕೆಂದಲ್ಲ, ಯಾರ ನಾಲಿಗೆ ಚಪಲಕ್ಕೂ ಅಲ್ಲ. ಇವತ್ತಿಗೂ ಯಾರಾದರೂ ‘ಈ ಕೈರುಚಿ ನಿಮ್ಮ ಅಮ್ಮನಿಂದ ಬಂದಿದ್ದಾ?’ ಎಂದು ಕೇಳಿದರೆ, ‘ಇಲ್ಲ, ನಮ್ಮ ದೊಡ್ಡಮ್ಮನಿಂದ’ ಎನ್ನಬೇಕು ಅನ್ನಿಸುತ್ತದೆ. ಅವಳು ಹಾಗೆ ಮಾತಾಡದಿದ್ದರೆ ನಾನು ಒಲೆಯ ಕಡೆ ತಲೆಯೇ ಹಾಕುತ್ತಿರಲಿಲ್ಲ.

ಅದು ಅರವತ್ತರ ದಶಕದ ಕೊನೆ. ಸೂಲಿಬೆಲೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ, ದೊಡ್ಡಪ್ಪ ಆಗಷ್ಟೇ ಪಾಲಾಗಿದ್ದರು. ಒಂದೇ ಮನೆಯ ನಡುವೆ ಗೋಡೆ ಎದ್ದು ಎರಡು ಒಲೆಯಾಗಿತ್ತು. ಆದರೆ ತಿಂಗಳಿಗೊಮ್ಮೆ ಅಮ್ಮ ಮುಟ್ಟಾದಾಗ ಆ ಗೋಡೆ ಇದ್ದೂ ಇಲ್ಲದಂತೆ. ಮೂರು ದಿನ ಅವಳು ಹಿತ್ತಿಲ ಜಗಲಿಯ ಮೇಲೆ ಕೂರಬೇಕು. ಒಲೆ ಮುಟ್ಟುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ. ನಮಗೆ ಊಟ ಆಚೆ ಮನೆಯ ದೊಡ್ಡಮ್ಮನ ಕೈಯಿಂದ. ಅಪ್ಪನಿಗೇನು, ಅಣ್ಣನ ಮನೆಯಲ್ಲಿ ಕೂತು ಬಿಸಿಬಿಸಿ ಉಂಡು ಬರುತ್ತಿದ್ದ. ಅಮ್ಮನಿಗೆ ಎಲ್ಲರದ್ದೂ ಆದ ಮೇಲೆ ಮಿಕ್ಕಿದ್ದು: ತಣ್ಣಗೆ ಗಟ್ಟಿಕಟ್ಟಿದ ಮುದ್ದೆ, ನೀರು ಬೆರೆಸಿದ ಸಾರು. ದೊಡ್ಡಮ್ಮ ಅದನ್ನು ಎತ್ತರದಿಂದ ತಟ್ಟೆಗೆ ಬೀಳಿಸುತ್ತಿದ್ದಳು. ಸಾರು ಅಮ್ಮನ ಸೀರೆಗೆ ಸಿಡಿಯುತ್ತಿತ್ತು.

ಜೊತೆಗೆ ಮಾತು ಬೇರೆ. “ಪಾಲು ಕೇಳೋವಾಗ ಬಾಯಿತ್ತು. ಈಗ ತಿಂಗ್ತಿಂಗಳೂ ನಮ್ಮನೆ ಹಿಟ್ಟೇ ಬೇಕು ನೋಡು.”

ಅಮ್ಮ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಉಳಿದ ದಿನಗಳಲ್ಲಿ ಅವಳ ಬಾಯಿ ಊರಿಗೇ ಗೊತ್ತು. ಎಮ್ಮೆ ಕೊಳ್ಳಲು ಬಂದ ದಲ್ಲಾಳಿಗೇ ಬೆವರಿಳಿಸಿ ಕಳಿಸಿದವಳು. ಅಂಥವಳು ಒಂದೊಂದು ತುತ್ತನ್ನೂ ನೀರು ಕುಡಿದು ಒಳಗಿಳಿಸುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಮರಕೋತಿ ಆಡಿಕೊಂಡಿದ್ದ ಹುಡುಗಿ ನಾನು, ಒಲೆ ಹಚ್ಚಲೂ ನೆಟ್ಟಗೆ ಬರುತ್ತಿರಲಿಲ್ಲ. ಆದರೂ ದೊಡ್ಡಮ್ಮನ ಎದುರಿಗೇ ಹೇಳಿಬಿಟ್ಟೆ: “ನಾಳೆಯಿಂದ ತರ್ಬೇಡ. ನಾನೇ ಅಡಿಗೆ ಮಾಡ್ತೀನಿ.”

“ಮಾಡವ್ವಾ, ಮಾಡು” ಎಂದು ದೊಡ್ಡಮ್ಮ ನಕ್ಕಳು. “ಮುದ್ದೆ ಉಳಿದ್ರೆ ಇತ್ಲಾಗ್ ಕೊಡು. ಗೋಡೆಗೆ ಕಲ್ಲು ಸಾಲ್ದು.”

ನಮ್ಮ ಅಡುಗೆಮನೆಯ ಬಾಗಿಲು ಹಿತ್ತಿಲಿಗೇ ತೆರೆಯುತ್ತಿತ್ತು. ಮರುದಿನ ಅಮ್ಮ ಜಗಲಿಯಲ್ಲಿ ಹೊಸ್ತಿಲಿನ ಪಕ್ಕಕ್ಕೆ ಸರಿದು, ಗೋಡೆಗೆ ಒರಗಿ ಕೂತಳು. ಒಲೆ ಅವಳಿಗೆ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು. ಹಿತ್ತಿಲ ಸೊಪ್ಪನ್ನೂ ಅವಳು ಮುಟ್ಟುವಂತಿರಲಿಲ್ಲ. ಅವಳು ಬೆರಳು ತೋರಿಸಿದಳು, ನಾನು ಕಿತ್ತೆ.

“ಅದಲ್ಲ ಕಣೇ, ಅದನ್ನ ಎಮ್ಮೇನೂ ಮೂಸಲ್ಲ. ಅದ್ರ ಪಕ್ಕದ್ದು.”

ದಂಟು, ಅಣ್ಣೆ, ಇನ್ನೂ ಏನೇನೋ ಸೇರಿ ಒಂದು ಮಡಿಲು ಬೆರಕೆ ಸೊಪ್ಪಾಯಿತು. ತೊಗರಿಬೇಳೆ, ಹಸಿಮೆಣಸಿನಕಾಯಿ, ಈರುಳ್ಳಿ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಮಸ್ಸೊಪ್ಪು ಹೇಗೋ ದಾರಿಗೆ ಬಂತು. ತೊಂದರೆ ಕೊಟ್ಟಿದ್ದು ಮುದ್ದೆ.

“ಎಸರು ಕುದೀತಾ?”

“ಕುದೀತು.”

“ಸುಳ್ಳು. ಇನ್ನೂ ಗುಂಯ್ ಅಂತೈತೆ. ಕೊತಕೊತ ಅನ್ಲಿ.”

ಕೊತಕೊತ ಎಂದಿತು. ಹಿಟ್ಟು ಸುರಿದೆ. “ಕೋಲು ಹಾಕ್ಬೇಡ, ಬೇಯ್ಲಿ. ನಾನು ಹೇಳೋಗಂಟ ಮುಟ್ಬೇಡ” ಎಂದಳು. ನನಗೆಲ್ಲಿಯ ತಾಳ್ಮೆ? ಮುಟ್ಟಿದೆ. ಗಡಿಗೆ ಇಳಿಸಿ, ಅದು ಅಲುಗದಂತೆ ಕವೆಗೋಲು ಸಿಕ್ಕಿಸಿ, ಅದನ್ನು ಕಾಲಲ್ಲಿ ಒತ್ತಿ ಕೂತು ಮುದ್ದೆಕೋಲಿನಿಂದ ತಿರುವಿದೆ. ನಾನು ಮುದ್ದೆ ತಿರುವುವುದರ ಬದಲು ಗಡಿಗೆಯೇ ನನ್ನನ್ನು ತಿರುಗಿಸಿತು.

ಅಪ್ಪ ಬಂದು ಇಣುಕಿದ. ನಾನು ಕಟ್ಟಿದ ಮುದ್ದೆಗಳನ್ನು ನೋಡಿ, ಟವಲ್ಲು ಹೆಗಲಿಗೇರಿಸಿ ಆಚೆ ಮನೆಗೇ ನಡೆದ. ಹೋಗಲಿ ಬಿಡು ಎಂದುಕೊಂಡೆ. ಅಮ್ಮನಿಗೆ ನಾನು ಎತ್ತರದಿಂದ ಹಾಕಲಿಲ್ಲ, ಬಗ್ಗಿ ತಟ್ಟೆಯಲ್ಲಿಟ್ಟೆ. ಅವಳು ಮುರಿದಳು. ಒಳಗಿದ್ದ ಗಂಟು ಒಡೆದು ಹಸಿ ಹಿಟ್ಟು ಪುಸ್ಸೆಂದು ಹಾರಿತು. ಅವಳು ಗಂಟುಗಳನ್ನೆಲ್ಲ ಬೆರಳಲ್ಲಿ ಹಿಸುಕಿ, ಮಸ್ಸೊಪ್ಪಿನಲ್ಲಿ ಅದ್ದಿ, ಊದಿಕೊಂಡು ಊದಿಕೊಂಡು ಪೂರ್ತಿ ಉಂಡಳು.

“ಬಿಸಿಯಾಗೈತೆ” ಅಂದಳು.

ಆಮೇಲೆ ಪ್ರತಿ ತಿಂಗಳೂ ಅದೇ ಪಾಠ. ಹಿಟ್ಟು ಬೆಂದಾಗ ಎಸರಿನ ಸದ್ದು ದಪ್ಪಗಾಗಿ ಪೊಳಕ್ ಪೊಳಕ್ ಎನ್ನುವುದು ನನ್ನ ಕಿವಿಗೂ ಹತ್ತಿತು. ಗಂಟು ಕಡಿಮೆಯಾದವು. ಒಂದು ಸಲ ಹುರುಳಿಕಾಳಿನ ಬಸ್ಸಾರಿನ ವಾಸನೆಗೆ ಅಪ್ಪನ ಟವಲ್ಲು ಗೂಟದಲ್ಲೇ ಉಳಿಯಿತು. ಬಂದು ಕೂತ, ಎರಡನೆಯ ಮುದ್ದೆಯನ್ನೂ ಕೇಳಿ ಹಾಕಿಸಿಕೊಂಡ. ದೊಡ್ಡಮ್ಮನಿಗೆ ಅದು ಹಿಡಿಸಲಿಲ್ಲ. ಅವಳು ಕಾಯುತ್ತಿದ್ದಳು. ಯಾಕೆಂದು ನನಗೆ ಆಮೇಲೆ ತಿಳಿಯಿತು.

ನಾನು ದೊಡ್ಡವಳಾದೆ. ಒಸಗೆಯ ಆರತಿ ಮುಗಿದು ಕೆಲವು ತಿಂಗಳಾಗಿತ್ತು, ಅಮ್ಮ ನಾನು ಇಬ್ಬರೂ ಒಂದೇ ದಿನ ಹೊರಗಾದೆವು. ದೊಡ್ಡಮ್ಮ ಹಿತ್ತಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನಮ್ಮಾ, ಅಡಿಗೆಯೋಳೇ ಆಚೆ ಕೂತವ್ಳಲ್ಲ! ಸಂಜೆ ತರ್ತೀನಿ. ತಟ್ಟೆ ತೊಳ್ದು ಇಟ್ಕೊಳ್ಳಿ, ಇಬ್ರೂ.”

ಆ ‘ಇಬ್ರೂ’ ಎನ್ನುವಾಗ ಅವಳ ಮುಖದಲ್ಲಿದ್ದ ಖುಷಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಎರಡೂ ತಟ್ಟೆ ತೊಳೆದಳು, ತೊಳೆದು ಗೋಡೆಗೆ ಒರಗಿಸಿಟ್ಟಳು. ಅದನ್ನು ನೋಡಿ ನಾನು ಎದ್ದೆ.

“ಎಲ್ಲಿಗೇ?”

“ಒಳಕ್ಕೆ. ಎಸರಿಡ್ತೀನಿ.”

“ಹುಚ್ಚು ಹಿಡೀತಾ? ಒಳಗೆ ದೇವ್ರ ಪಟ ಐತೆ.”

“ದೇವ್ರಿಗೂ ಹಸಿವಾಗಿದ್ರೆ ಒಂದ್ಮುದ್ದೆ ಜಾಸ್ತಿ ಕಟ್ತೀನಿ.”

ಹೆದರಿಕೆ ಆಗಲಿಲ್ಲವೆಂದರೆ ಸುಳ್ಳು. ಹೀಗೆ ಒಳಗೆ ಹೋದರೆ ಕಣ್ಣು ಹೋಗುತ್ತದೆ, ಮನೆಗೆ ಹಾವು ಬರುತ್ತದೆ ಎಂದೆಲ್ಲ ಕೇಳಿ ಬೆಳೆದವಳು ನಾನು. ಹೊಸ್ತಿಲು ದಾಟುವಾಗ ಮೂಲೆಮೂಲೆಯನ್ನೂ ನೋಡಿಕೊಂಡೆ. ಹಾವು ಬರಲಿಲ್ಲ. ಸೌದೆ ಹಸಿಯಿತ್ತು, ಹೊಗೆ ಬಂತು. ಅಮ್ಮ ಹೊರಗಿನಿಂದ ಏನೂ ಹೇಳಿಕೊಡಲಿಲ್ಲ. ಮೊದಲ ಸಲ ನಾನೊಬ್ಬಳೇ ಎಸರಿನ ಸದ್ದು ಕೇಳಿ, ಹಿಟ್ಟು ಹಾಕಿ, ಕಾದು, ಗಡಿಗೆ ಇಳಿಸಿದೆ.

ತಿರುವಲು ಕೂತಾಗ ಹೊಟ್ಟೆ ಕಿವುಚಿತು. ಕಾಲಲ್ಲಿ ಬಲವಿರಲಿಲ್ಲ. ಕವೆಗೋಲು ಜಾರಿತು, ಗಡಿಗೆ ವಾಲಿತು. ನಾನು ಹಲ್ಲು ಕಚ್ಚಿ ಮತ್ತೆ ಒತ್ತಿದೆ, ಮತ್ತೆ ಜಾರಿತು. ಅಳು ಬಂತು, ನೋವಿಗಲ್ಲ, ಗೋಡೆಗೆ ಒರಗಿಸಿಟ್ಟ ಆ ಎರಡು ತಟ್ಟೆಗಳನ್ನು ನೆನೆದು.

ಆಗ ಕವೆಗೋಲಿನ ಮೇಲೆ ಇನ್ನೊಂದು ಕಾಲು ಬಿತ್ತು. ಹೆಬ್ಬೆರಳಿನ ಉಗುರು ಸೀಳಿದ್ದ ಅಮ್ಮನ ಕಾಲು. ಅವಳು ಯಾವಾಗ ಹೊಸ್ತಿಲು ದಾಟಿದಳೋ ನನಗೆ ಗೊತ್ತಾಗಲಿಲ್ಲ.

“ಅಳ್ತಾ ಕೂತ್ರೆ ಗಂಟಾಯ್ತದೆ. ತಿರುವು” ಅಂದಳು.

ಹಿತ್ತಿಲಲ್ಲಿ ದೊಡ್ಡಮ್ಮನ ಬಳೆ ಸದ್ದಾಯಿತು. “ಎಲ್ರೇ, ಇಬ್ರೂ ಎಲ್ಲೋದ್ರಿ? ತಟ್ಟೆ ಹಿಡೀರಿ” ಎಂದು ಖಾಲಿ ಜಗಲಿಯ ಮುಂದೆ ನಿಂತು ಕೂಗಿದಳು.

ಅಮ್ಮ ಒಲೆಯ ಪಕ್ಕದಿಂದಲೇ, ಎಮ್ಮೆ ದಲ್ಲಾಳಿಗೆ ಉತ್ತರ ಕೊಟ್ಟಿದ್ದ ಅದೇ ಗಂಟಲಲ್ಲಿ ಕೂಗಿದಳು: “ಇಲ್ಲೇ ಒಳಗಿದೀವಿ ಕಣಕ್ಕಾ. ಮುದ್ದೆ ಆಗ್ತೈತೆ. ಬಿಸಿದು ಉಣ್ಣೋದಾದ್ರೆ ನೀನೂ ಬಾ.”

ಬಳೆಯ ಸದ್ದು ನಿಂತಿತು. ಅಮ್ಮ ಕವೆಗೋಲಿನ ಮೇಲಿಂದ ಕಾಲು ತೆಗೆಯಲಿಲ್ಲ. ನಾನು ತಿರುವಿದೆ.